ಕಾರಾಬೆಲ್ ಘಾಟಿ, ಬೆಳಿಗ್ಗೆ ಆರು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.20

ಅಂಗಳದಲ್ಲಿ ಮೈನಸ್ ಹತ್ತೊಂಬತ್ತು. ಗಾಳಿ ಇಲ್ಲ. ಹಿಮ ಅಳೆಯುವ ಕೋಲಿನಲ್ಲಿ ನಲವತ್ತೊಂದು ಸೆಂಟಿಮೀಟರ್. ಅವರ ಫೋನಿನಿಂದಲೇ ಅವರ ಹವಾಮಾನದ ಪೇಜಿಗೆ ಹಾಕಿದೆ. ಅವರು ಬರೆಯುತ್ತಿದ್ದ ಹಾಗೆಯೇ. ಮೊದಲು ‘ಕಾರಾಬೆಲ್ ಘಾಟಿ, ಬೆಳಿಗ್ಗೆ ಆರು’, ಆಮೇಲೆ ಅಂಕಿಗಳು, ಕೊನೆಗೆ ‘ಡ್ರೈವರುಗಳೇ, ನಿಧಾನ.’

ನನ್ನ ಗಂಡ ಶರ್ಶೆನ್ ತೀರಿಕೊಂಡು ಇವತ್ತಿಗೆ ನಾಲ್ಕನೆಯ ದಿನ. ನಿನ್ನೆ ಮಣ್ಣು ಮಾಡಿದರು. ಬಂದವರ ಊಟಕ್ಕೆ ಬೂದು ಕುದುರೆಯನ್ನು ಕಡಿದರು. ಮನೆಯ ಯಜಮಾನ ಹೋದರೆ ಮಾಡಬೇಕಾದದ್ದು. ಹದಿನಾಲ್ಕು ವರ್ಷ ಅವರ ಕೈಯಿಂದ ತಿಂದ ಕುದುರೆ. ನಾನು ಶೋಕಕ್ಕೆಂದು ಅಂಗಳದಲ್ಲಿ ಹಾಕಿದ ಡೇರೆಯೊಳಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದೆ. ನೋಡಲಿಲ್ಲ.

ಮಗಳಿಗೆ ಹೇಳಿಲ್ಲ. ಕನಿಶಾಯ್ ರಷ್ಯದ ತೋಮ್ಸ್ಕ್‌ನಲ್ಲಿದ್ದಾಳೆ. ಎಂಟನೆಯ ತಿಂಗಳು. ಹೋದ ಸಲದ ಮಗು ನಿಲ್ಲಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ ಡಾಕ್ಟರು. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹಿರಿಯರು ಹೋಗಬೇಕು. ಎದುರು ಕೂರಬೇಕು. ಬೇರೆ ಏನೇನೋ ಹೇಳುತ್ತ, ಬಳಸಿ ಬಳಸಿ ಹತ್ತಿರ ಬಂದು, ಕೈ ಹಿಡಿದು ಹೇಳಬೇಕು. ಅವರ ಅಣ್ಣ ಮಂಬೆತ್ ಭಾವ ಏಳನೆಯ ದಿನ ಮುಗಿಸಿ ಹೊರಡುತ್ತಾರೆ. ಅಳಿಯ ಅದಿಲ್‌ಗೆ ಗೊತ್ತಿದೆ, ಆದರೆ ಅವನ ಬಾಯಿಂದ ಬರುವಂಥ ಮಾತಲ್ಲ.

ಅಲ್ಲಿಯವರೆಗೆ ಪೇಜು ನಿಲ್ಲಬಾರದು. ಎದ್ದ ಕೂಡಲೇ ಅವಳು ನೋಡುವುದು ಅದನ್ನೇ. ಅವರಿಗೆ ಐದು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ. ಅಪ್ಪ ಮಗಳ ಮಾತೆಲ್ಲ ಕಾಮೆಂಟಿನಲ್ಲೇ.

ಅವರ ಹವಾಮಾನ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಬೇರೆ ಪುಸ್ತಕ ಹುಡುಕುವ ಮನಸ್ಸಾಗಲಿಲ್ಲ.

ಫೆಬ್ರವರಿ 4, ಮಂಗಳವಾರ

ಮೈನಸ್ ಹದಿನೇಳು. ತೆಳು ಮೋಡ.

ನಿನ್ನೆ ಪೋಸ್ಟಿನ ಕೆಳಗೆ ಸಂತಾಪಗಳು ಬಂದವು. ‘ಅವರ ಮೇಲಿನ ಮಣ್ಣು ರೇಷ್ಮೆಯಾಗಲಿ.’ ಡಿಲೀಟ್. ಇನ್ನೊಂದು ಬಂತು. ಡಿಲೀಟ್. ಹನ್ನೊಂದು ಜನರ ಪ್ರಾರ್ಥನೆಯನ್ನು ಒರೆಸಿ ಹಾಕಿದೆ. ಒಂದೊಂದು ಹೆಸರನ್ನೂ ಎರಡು ಸಲ ಓದಿಕೊಂಡೆ.

ಟೀಚರ್ ಗುಲ್ಬಾರ್ಚಿನ್ ಫೋನ್ ಮಾಡಿದಳು. ತಾನು ಬರೆದದ್ದರಲ್ಲಿ ತಪ್ಪೇನಾದರೂ ಇತ್ತೇ ಎಂದು. ಇದ್ದದ್ದನ್ನು ಹೇಳಿದೆ. ನೀವು ಸುಮ್ಮನಿರಿ, ನಾನು ನೋಡಿಕೊಳ್ಳುತ್ತೇನೆ ಎಂದಳು.

ಸಂಜೆ ನೋಡಿದರೆ… ‘ಥ್ಯಾಂಕ್ಸ್ ಶರ್ಶೆನ್ ಅಣ್ಣ.’ ‘ಹಿಮಕ್ಕೆ ಟೈರಿಗೆ ಚೈನು ಕಟ್ಟಬೇಕಾ ಅಣ್ಣ?’ ಭಾನುವಾರ ಅವರನ್ನು ಹೆಗಲ ಮೇಲೆ ಹೊತ್ತವರೇ ಹೀಗೆ ಬರೆದಿದ್ದಾರೆ. ಇಡೀ ಕಣಿವೆ ನನ್ನ ಮಗಳಿಗಾಗಿ ಸುಳ್ಳು ಹೇಳುತ್ತಿದೆ.

ನಡುವೆ ಕನಿಶಾಯ್: ‘ಅಪ್ಪಾ, ಬೂದು ಕುದುರೆ ಹೇಗಿದೆ? ಚಳಿ ತಡೀತಾ ಇದೆಯಾ?’

ಅವರು ಯಾರಿಗೂ ಕೂಡಲೇ ಉತ್ತರ ಬರೆದವರಲ್ಲ. ಕಾಮೆಂಟನ್ನು ಎರಡು ಸಲ ಓದುವುದು. ಫೋನ್ ಮಗುಚಿಟ್ಟು ಒಂದು ಬಟ್ಟಲು ಚಹಾ ಕುಡಿಯುವುದು. ಆಮೇಲೆ ಬರೆಯುವುದು. ಮೊದಲು ಹೆಸರು, ಕೊನೆಗೊಂದು ಪ್ರಶ್ನೆ. ಅಷ್ಟೆಲ್ಲ ಯಾಕೆ ಎಂದು ನಾನು ನಗುತ್ತಿದ್ದೆ. ಆ ಕಡೆ ಇರುವವರ ಮುಖ ನನಗೆ ಕಾಣುವುದಿಲ್ಲ, ಅದಕ್ಕೆ ಟೈಮ್ ಬೇಕು ಎನ್ನುತ್ತಿದ್ದರು.

ನಾನೂ ಚಹಾ ಕುಡಿದೆ. ‘ಕನಿಶಾಯ್, ಕುದುರೆ ನೆಮ್ಮದಿಯಾಗಿದೆ. ನೀನು ಊಟ ಮಾಡಿದೆಯಾ?’

ಒಂದು ಸಾಲಿಗೆ ಅರ್ಧ ಗಂಟೆ.

ಫೆಬ್ರವರಿ 5

ಮೈನಸ್ ಹದಿನಾರು. ವಿಧವೆ ನಲವತ್ತು ದಿನ ಹೊಸ್ತಿಲು ದಾಟಿ ತಿರುಗಬಾರದು ಎನ್ನುತ್ತಾಳೆ ಓರಗಿತ್ತಿ. ಆರು ಗಂಟೆಗೆ ನಾನು ಕೋಲಿನ ಹತ್ತಿರ ಹೋದರೆ ಕಿಟಕಿಯಿಂದ ಮುಖ ತಿರುಗಿಸುತ್ತಾಳೆ. ಆಮೇಲೆ ತಾನೇ ಬಿಸಿ ಚಹಾ ತಂದುಕೊಡುತ್ತಾಳೆ.

ಮಗಳ ಕಾಮೆಂಟ್: ‘ಕುದುರೆ ಫೋಟೊ ಹಾಕಿ ಅಪ್ಪಾ.’

ಉತ್ತರ ಬರೆಯಲಿಲ್ಲ.

ಫೆಬ್ರವರಿ 6, ಗುರುವಾರ. ಏಳನೆಯ ದಿನ

ಅಂಗಳದಲ್ಲಿ ಗಾಳಿ ಇಲ್ಲ ಎಂದು ಪೇಜಿಗೆ ಹಾಕಿದೆ. ಬೆಳಗಿನಿಂದ ಹಿಟ್ಟಿನ ಬಿಲ್ಲೆ ಕರಿದೆವು. ಕರಿದ ಎಣ್ಣೆಯ ವಾಸನೆ ಹೋದವರಿಗೆ ತಲುಪುತ್ತದೆ. ಕಣ್ಣು ಉರಿ. ಜನ, ಜನ, ಜನ.

ಮಧ್ಯೆ ಫೋನ್ ನೋಡಿದೆ. ಇಸಾಬೆಕ್. ಘಾಟಿಯ ಆ ಕಡೆಯವನು, ಕಲ್ಲಿದ್ದಲ ಲಾರಿ ಓಡಿಸುತ್ತಾನೆ. ಸಾವಿನ ಸುದ್ದಿಯೂ ಗುಲ್ಬಾರ್ಚಿನ್ ಮಾತೂ ಆ ಕಡೆಗೆ ಮುಟ್ಟಿಲ್ಲ. ನಾಲ್ಕು ವರ್ಷದಿಂದ ಜಗಳಕ್ಕೆಂದೇ ಪೇಜಿಗೆ ಬರುವವನು.

‘ಗಾಳಿ ಇಲ್ಲ ಅಂತೀಯಲ್ಲ ಮುದುಕಪ್ಪಾ, ಮೇಲೆ ಬಂದು ನೋಡು. ಲಾರಿ ಬಾಗಿಲು ಕಿತ್ತುಕೊಂಡು ಹೋಗೋ ಗಾಳಿ. ನೀನು ಒಲೆ ಮುಂದೆ ಕೂತು ಬರೀತೀಯ. ಸತ್ತ ಮೇಲಾದ್ರೂ ನಿಜ ಬರಿ.’

ಎರಡನೆಯ ಸಲ ಓದಲಿಲ್ಲ. ಚಹಾ ಕುಡಿಯಲಿಲ್ಲ. ಎಣ್ಣೆ ಕೈಯಲ್ಲೇ ಬರೆದೆ. ‘ಬೊಗಳೋದು ನಿಲ್ಲಿಸು. ಬೇಡವಾದರೆ ಓದಬೇಡ.’

ಮನಸ್ಸು ಹಗುರವಾಯಿತು. ಎರಡೇ ನಿಮಿಷ.

ಊಟ ಮುಗಿಸಿ ಭಾವ ಕಾರು ಹತ್ತಿದರು. ಪೇಜಿನಲ್ಲಿ ಬೆಳಿಗ್ಗೆ ನಾನು ಬರೆದದ್ದನ್ನು ನೋಡಿದ್ದರು. ಗಾಳಿ ಇಲ್ಲವಲ್ಲ, ಕತ್ತಲಾಗುವಷ್ಟರಲ್ಲಿ ದಾಟುತ್ತೇವೆ ಎಂದರು.

ಫೆಬ್ರವರಿ 7. ಮಧ್ಯಾಹ್ನ

ಭಾವನ ಕಾರು ಅರ್ಧ ಘಾಟಿಯಲ್ಲಿ ಹೂತುಹೋಗಿತ್ತು. ಗಾಳಿ ಹಿಮ ತಂದು ರಸ್ತೆಗೆ ಸುರಿದಿದೆ. ರಸ್ತೆ ಕೆಲಸದವರು ಎಳೆದು ಕೆಳಕ್ಕೆ ತಂದರು. ಭಾವನ ಕೈಬೆರಳು ನೀಲಿ. ಘಾಟಿ ಮುಚ್ಚಿದ್ದಾರೆ.

ಇಸಾಬೆಕ್ ಹೇಳಿದ್ದು ಇದನ್ನೇ. ಅವರಾಗಿದ್ದರೆ ಬೈಗಳನ್ನು ಬದಿಗಿಟ್ಟು ಗಾಳಿಯನ್ನಷ್ಟೇ ಎತ್ತಿಕೊಳ್ಳುತ್ತಿದ್ದರು. ‘ಇಸಾಬೆಕ್, ಉಪಕಾರವಾಯಿತು. ಯಾವ ತಿರುವಿನಲ್ಲಿ ಹೆಚ್ಚು?’ ಎಂದು ಕೇಳಿ, ಮೇಲೆ ಪೋಸ್ಟಿನಲ್ಲಿ ಸೇರಿಸುತ್ತಿದ್ದರು. ಎಷ್ಟು ಸಲ ನೋಡಿದ್ದೇನೆ.

ಹನ್ನೊಂದಕ್ಕೆ ಕನಿಶಾಯ್ ಫೋನ್.

“ಅಮ್ಮಾ, ಇಸಾಬೆಕ್‌ಗೆ ಅಪ್ಪ ಹಾಗೆ ಬರೆದ್ರಾ?”

ಏನೋ ಬೇಜಾರಲ್ಲಿದ್ದರು ಎಂದೆ.

“ಅಪ್ಪಂಗೆ ಬೇಜಾರಾದ್ರೆ ಎರಡು ಬಟ್ಟಲು ಚಹಾ ಕುಡೀತಾರೆ. ಬೈಯಲ್ಲ.”

ಅವಳ ಕಿಟಕಿಯ ಕೆಳಗೆ ಟ್ರಾಮ್ ಹೋದ ಸದ್ದು ಕೇಳಿತು.

“ಬೂದು ಕುದುರೆ ಇದೆಯಾ ಅಮ್ಮಾ?”

ಸುಳ್ಳು ಹೇಳಬಹುದಿತ್ತು. ಕುದುರೆಯ ಮಾತಲ್ಲವೇ, ಅವರ ಮಾತಲ್ಲವಲ್ಲ ಎಂದುಕೊಂಡೆ. ಅಥವಾ ಇನ್ನು ನನ್ನ ಕೈಲಿ ಆಗಲಿಲ್ಲ.

“ಇಲ್ಲ ಕಂದಾ.”

“ಯಾವತ್ತು?”

“ಭಾನುವಾರ.”

ಅಳಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಎಣಿಸಿ ಎಣಿಸಿ ಬಿಡುವ ಉಸಿರು, ಡಾಕ್ಟರು ಕಲಿಸಿದ್ದು. ಕೊನೆಗೆ ಕೇಳಿದಳು.

“ಕುದುರೆ ತುಂಬ ಒದ್ದಾಡ್ತಾ?”

“ಇಲ್ಲ. ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಹೋಯ್ತು. ಹಿಮದ ಕೋಲಿನ ಹತ್ತಿರ ಕೂತ್ಕೊಂತು. ಮತ್ತೆ ಏಳಲಿಲ್ಲ.”

“ಒಂಟಿಯಾಗಿತ್ತಾ?”

“ನಾನು ಕಿಟಕಿಯಿಂದ ನೋಡ್ತಿದ್ದೆ. ಓಡಿದೆ. ತಲೆ ನನ್ನ ತೊಡೆ ಮೇಲಿತ್ತು.”

ಮತ್ತೆ ಟ್ರಾಮ್.

“ದೊಡ್ಡಪ್ಪ ಹೊರಟಿದ್ದಾರಾ?”

ಘಾಟಿ ಮುಚ್ಚಿದೆ, ತೆರೆದ ಕೂಡಲೇ ಬರುತ್ತಾರೆ ಎಂದೆ.

“ಬರ್ಲಿ. ಅವರೇ ಹೇಳ್ಲಿ. ನೀನು ನಂಗೇನೂ ಹೇಳಿಲ್ಲ, ನಾನೂ ಏನೂ ಕೇಳಿಲ್ಲ. ಅಷ್ಟು ದೂರದಿಂದ ಬರೋರು… ಗೊತ್ತು ಅಂದ್ರೆ ಪಾಪ.” ಆಮೇಲೆ, “ಪೇಜು ನಿಲ್ಲಿಸ್ಬೇಡ. ಬೆಳಿಗ್ಗೆ ನೋಡ್ತೀನಿ.”

ಫೆಬ್ರವರಿ 8

ಮೈನಸ್ ಇಪ್ಪತ್ತೆರಡು. ಘಾಟಿ ಮುಚ್ಚಿದೆ.

ಅವಳ ಕಾಮೆಂಟ್: ‘ಥ್ಯಾಂಕ್ಸ್ ಅಪ್ಪಾ.’ ಅದು ನನಗೆ ಎಂದು ನಮ್ಮಿಬ್ಬರಿಗೇ ಗೊತ್ತು.

ಇಸಾಬೆಕ್ ಕಾಣಲಿಲ್ಲ. ನಿನ್ನೆಯೂ ಇಲ್ಲ.

ಫೆಬ್ರವರಿ 11

ಭಾವ ತಲುಪಿದರು. ಅದಿಲ್ ಫೋನಿನಲ್ಲಿ ಹೇಳಿದ. ಅವಳು ಮೆಲ್ಲಗೆ ಎದ್ದು ತಲೆಗೆ ಬಟ್ಟೆ ಕಟ್ಟಿಕೊಂಡು, ರೊಟ್ಟಿ, ಚಹಾ ಹಾಕಿಸಿ ಮೊದಲೇ ಕಾಯುತ್ತಿದ್ದಳಂತೆ. ಭಾವ ದಾರಿಯ ಚಳಿ ಹೇಳಿದರು, ಕುರಿಗಳ ವಿಷಯ ಹೇಳಿದರು. ಶಿಖರಕ್ಕೂ ಒಂದು ದಿನ ಮಂಜು ಕವಿಯುತ್ತದೆ ಮಗಳೇ ಎಂದು ಶುರುಮಾಡಿ, ನಡುವೆ ಮಾತು ಬಿಟ್ಟು ಖಾಲಿ ಬಟ್ಟಲನ್ನು ತಿರುಗಿಸುತ್ತ ಕೂತರು. ಅವಳೇ ಅವರ ಬಟ್ಟಲಿಗೆ ಚಹಾ ಹಾಕಿ, ಹೇಳಿ ದೊಡ್ಡಪ್ಪಾ ಎಂದಳಂತೆ. ಅವರು ಹೇಳಿ ಮುಗಿಸಿದ ಮೇಲೆ ಅತ್ತಳು. ಗೋಡೆಗೆ ಮುಖ ಮಾಡಿ, ನಮ್ಮ ಹಾಗೆಯೇ.

ಮಗು ಒದೆಯುತ್ತಿದೆಯಂತೆ. ಚೆನ್ನಾಗಿದೆ.

ಈ ಪುಸ್ತಕ ಮುಚ್ಚಿಟ್ಟು ನಾನೂ ಅಳಬಹುದು ಇನ್ನು. ಜೋರಾಗಿ.

ಫೆಬ್ರವರಿ 13

ಪೇಜಿನಲ್ಲಿ ನಿಜ ಬರೆದೆ. ಮೂರು ಬಟ್ಟಲು ಚಹಾ. ‘ಶರ್ಶೆನ್ ಜನವರಿ 31ರಂದು ತೀರಿಕೊಂಡರು. ಅಂದಿನಿಂದ ಬರೆಯುತ್ತಿರುವುದು ಅವರ ಹೆಂಡತಿ ಜೂರಕಾನ್. ಯಾಕೆಂದು ಬಲ್ಲವರು ಬಲ್ಲರು.’ ಅಳಿಸಿದ ಹನ್ನೊಂದು ಜನರ ಹೆಸರು ನೆನಪಿಟ್ಟಿದ್ದೆ. ಒಬ್ಬೊಬ್ಬರ ಹೆಸರು ಹಿಡಿದು ಕ್ಷಮೆ ಕೇಳಿದೆ. ಕೊನೆಗೆ, ‘ಇಸಾಬೆಕ್, ಆರನೆಯ ತಾರೀಕು ಬೈದವಳು ನಾನು, ಅವರಲ್ಲ. ನೀವು ಹೇಳಿದ ಗಾಳಿ ನಿಜವಾಗಿತ್ತು. ನಿಮ್ಮ ಲಾರಿ ಕ್ಷೇಮವೇ?’

ಫೆಬ್ರವರಿ 16

ಇಸಾಬೆಕ್ ಬರೆದಿದ್ದಾನೆ.

‘ಅತ್ತಿಗೆ, ಸತ್ತ ಮೇಲಾದ್ರೂ ಅಂತ ಬರೆದುಬಿಟ್ಟಿದ್ದೆ. ಆ ಬೆರಳು ಮುರೀಬೇಕು. ನೀವು ಬೈದದ್ದು ಸರಿ. ನಾಲ್ಕು ವರ್ಷ ದಿನಾ ಕೆಣಕಿದೆ, ಮುದುಕಪ್ಪ ಒಂದು ಸಲಾನೂ ಬೈಲಿಲ್ಲ. ಅದೇ ನಂಗೆ ಉರಿ. ಕ್ಯಾಬಿನ್ನಲ್ಲಿ ಇಡೀ ದಿನ ಒಬ್ಬನೇ ಇರೋನು. ನನ್ನ ಹೆಸರು ಹಿಡಿದು ಏನಾದ್ರೂ ಕೇಳ್ತಿದ್ದದ್ದು ಅವರೊಬ್ರೇ. ಈಗ ಮೇಲೆ ಮೈನಸ್ ಇಪ್ಪತ್ತೇಳು. ಇನ್ನು ಯಾರಿಗೆ ಹೇಳ್ಲಿ?’

ಎರಡು ಸಲ ಓದಿದೆ. ಫೋನ್ ಮಗುಚಿಟ್ಟೆ. ಚಹಾ ಆರಿಹೋಯಿತು.

‘ಇಸಾಬೆಕ್, ಇಲ್ಲೇ ಹೇಳಿ. ಗಾಳಿ ಯಾವ ಕಡೆಯಿಂದ?’

ಮಾರ್ಚ್ 10, ಸೋಮವಾರ. ಸಂಜೆ

ಮೈನಸ್ ನಾಲ್ಕು. ಕೋಲಿನಲ್ಲಿ ಹಿಮ ಸೊನ್ನೆ. ಕೋಲಿನ ಬುಡದಲ್ಲಿ ಅವರು ಕೂತ ಜಾಗದ ಹಿಮವೂ ಕರಗಿದೆ. ಹುಲ್ಲು ಹಳದಿಯಾಗಿ ಮಲಗಿದೆ.

ಈಗ ದಿನವೂ ‘ಮೇಲಿನಿಂದ ಇಸಾಬೆಕ್’ ಎಂದು ಒಂದು ಸಾಲು ಸೇರಿಸುತ್ತೇನೆ. ಹಿಮಕುಸಿತದ ಭಯಕ್ಕೆ ನಿನ್ನೆಯಿಂದ ಮತ್ತೆ ಘಾಟಿ ಮುಚ್ಚಿದ್ದಾರೆ. ಅವನು ಆ ಕಡೆ ಗೇಟಿನಲ್ಲಿ ಲಾರಿ ನಿಲ್ಲಿಸಿಕೊಂಡಿದ್ದಾನಂತೆ. ನಾಳೆ ನಲವತ್ತನೆಯ ದಿನಕ್ಕೆ ಬರುತ್ತಾನೆ, ಒಂದು ಮೂಟೆ ಕಲ್ಲಿದ್ದಲು ತರುತ್ತಾನಂತೆ. ಬೇಡ ಎಂದು ಬರೆದೆ. ‘ನಿಮ್ಮನ್ನ ಕೇಳಿದ್ನಾ ಅತ್ತಿಗೆ?’ ಎಂದು ಬರೆದ.

ಬೆಳಿಗ್ಗೆ ಕನಿಶಾಯ್ ಕಾಮೆಂಟ್. ಪೇಜಿನಲ್ಲಿ ಮೊದಲ ಸಲ ನನ್ನನ್ನು ಕರೆದಿದ್ದಾಳೆ. ‘ಅಮ್ಮಾ, ಕುದುರೆ ಕಟ್ಟುತ್ತಿದ್ದ ಜಾಗ ಖಾಲಿಯೇ ಇದೆಯಾ?’

ಎರಡು ಸಲ ಓದಿದೆ. ಚಹಾ ಕುಡಿದೆ. ಇನ್ನೊಂದು ಬಟ್ಟಲು ಕುಡಿದೆ. ‘ಕನಿಶಾಯ್,’ ಎಂದು ಬರೆದಿಟ್ಟಿದ್ದೇನೆ, ಮುಂದಕ್ಕೆ…

ನಾಳೆ ಬೆಳಿಗ್ಗೆ ಆರಕ್ಕೆ ಘಾಟಿ ತೆರೆಯುತ್ತಾರೆ. ಆ ಜಾಗದಲ್ಲಿ ಇಸಾಬೆಕ್‌ನ ಲಾರಿ ನಿಂತ ಮೇಲೆ ಉಳಿದದ್ದು ಬರೆಯುತ್ತೇನೆ.