ಸೀಟು ಒಂದೇ, ಕಾಲು ನಾಲ್ಕು

ರೀ,

ಎಬ್ಬಿಸಲಿಲ್ಲ. ಗುಜರಿ ವ್ಯಾನಿನ ಉದ್ದ ಸೀಟನ್ನು ಮಾವನವರ ಹಳೇ ಕಾರಿನ ಮುಂಭಾಗಕ್ಕೆ ಕೂರಿಸಿದ ಮಹಾಶಯರು ಸುಸ್ತಾಗಿದ್ದೀರಿ, ಮಲಗಿ.

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ. ಊಟದ ಮೇಜಿನ ಮೇಲಿರುವ ಸ್ಪಾನರುಗಳನ್ನು ನೀವೇ ಎತ್ತಿಡಿ. ನಾನು ಮುಟ್ಟಿದರೆ ಒಂದು ಕಳೆದುಹೋಯಿತು ಅಂತೀರಿ.

ಸೀಟು ನೋಡಿದೆ. ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಅಂದಿದ್ದೆ, ಆಗಿಲ್ಲ. ಎರಡೂ ಬದಿ ಕೊಯ್ದು ವೆಲ್ಡಿಂಗ್ ಮಾಡಿದ್ದು ಚೆನ್ನಾಗಿದೆ, ಬಾಗಿಲೂ ಮುಚ್ಚುತ್ತದೆ. ಆದರೆ ನಿಮ್ಮ ಕಾಲಿನ ಅಳತೆಗೆ ಹಿಂದಕ್ಕೆ ಸರಿಸಿ ಬೋಲ್ಟ್ ಬಿಗಿದಿದ್ದೀರಿ. ನನ್ನ ಕಾಲು ಕ್ಲಚ್ಚಿಗೆ ಒಂದು ಗೇಣು ಸಾಲದು. ಸ್ಟಿಯರಿಂಗ್ ಹಿಡಿಯುವವಳು ನಾನು. ನಿಮ್ಮ ಡ್ರೈವಿಂಗು ಗೇಟಿನ ಕಂಬಕ್ಕೆ ಗುದ್ದಿದ ದಿನವೇ ಮುಗಿಯಿತು, ಮರೆತಿರಾ?

ನಾಳೆ ಅತ್ತೆಯನ್ನು ಕಣ್ಣಾಸ್ಪತ್ರೆಯಿಂದ ಕರೆತರಬೇಕು. "ನಿಮ್ಮಪ್ಪನ ಕಾರಲ್ಲೇ ಬರ್ತೀನಿ, ಟ್ಯಾಕ್ಸಿ ತಂದ್ರೆ ಇಲ್ಲೇ ಇದ್ಬಿಡ್ತೀನಿ" ಅಂತ ನಿಮಗೇ ಹೇಳಿದ್ದಾರೆ. ಆದ್ದರಿಂದ ಇವತ್ತೇ ಬೋಲ್ಟ್ ಬಿಚ್ಚಿ ಸೀಟನ್ನು ಒಂದು ಗೇಣು ಮುಂದಕ್ಕೆ ತನ್ನಿ. ಗೇಣು ನನ್ನದು, ನಿಮ್ಮದಲ್ಲ. ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದೇನೆ. ಬೆನ್ನಿಗೆ ದಿಂಬು ಇಟ್ಟುಕೋ ಅಂತ ಮಾತ್ರ ಹೇಳಬೇಡಿ.

ಸೀಟು ಒಂದೇ ತುಂಡು, ನಾನು ಮುಂದೆ ಬಂದರೆ ನೀವೂ ಬರಬೇಕು. ಕಣ್ಣಿನ ಆಪರೇಷನ್ ಆಗಿರುವ ಅತ್ತೆ ಹಿಂದೆ ಮಲಗುತ್ತಾರೆ, ಅಲ್ಲಿ ಜಾಗವಿಲ್ಲ. ಮೊಣಕಾಲು ಗದ್ದಕ್ಕೆ ತಾಗುತ್ತೆ ಅಂತ ಗೊಣಗಬೇಡಿ. ಮುದುರಿ ಕೂರುವುದು ಹೇಗೆ ಅಂತ ನನ್ನನ್ನು ಕೇಳಿ. ಬಸ್ಸಿನಲ್ಲೂ ಸೋಫಾದಲ್ಲೂ ಕಾಲು ಚಾಚುವ ನಿಮ್ಮ ಪಕ್ಕ ಕೂತು ಕೂತು ನನಗೆ ಚೆನ್ನಾಗಿ ಅಭ್ಯಾಸವಾಗಿದೆ.

ಇಂತಿ,
ನಿಮ್ಮ ಡ್ರೈವರ್