ಗದ್ದಲಕ್ಕೆ ಒಂದು ನಿಮಿಷ

ಮಾತಿನ ಮಲ್ಲನಾದ ಅಣ್ಣನಿಗೆ, ಬಾಯಲ್ಲಿ ಸದಾ ಮೊಳೆ ಕಚ್ಚಿಕೊಂಡಿರುವ ತಮ್ಮ ಬರೆಯುವುದೇನೆಂದರೆ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಪತ್ರ ಶುರು ಮಾಡುವುದು ವಾಡಿಕೆ. ಆ ಸಾಲನ್ನು ಈಗಲೇ ಬರೆಯುವ ಧೈರ್ಯ ನನಗಿಲ್ಲ. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ನೋಡೋಣ. ಇವತ್ತು ಮಧ್ಯಾಹ್ನ ನಿನ್ನ ನೀಲಿ ತಂಡಕ್ಕೂ ಹೊಳೆಯಾಚೆಯ ಹಳದಿ ತಂಡಕ್ಕೂ ಫುಟ್ಬಾಲ್ ಪಂದ್ಯವಿದೆ. ನೀನು ಹೋದ ಮೇಲೆ ಅವರು ಎದುರುಬದುರಾಗುತ್ತಿರುವುದು ಇದೇ ಮೊದಲು.

ನಮ್ಮ ಸೋಫಾ ರಿಪೇರಿ ಅಂಗಡಿಗೆ ಬಂದು ಶಟರ್ ಅರ್ಧ ಎತ್ತಿ ಕುಳಿತಿದ್ದೇನೆ. ದಂತವೈದ್ಯರ ಮನೆಯ ಸೋಫಾ ಸ್ಪ್ರಿಂಗು, ನಾರು ಎಲ್ಲ ಹೊರಗೆ ಹಾಕಿಕೊಂಡು ನನ್ನೆದುರೇ ಬಿದ್ದಿದೆ. ಕೆಲಸ ಮಾಡಿದರೆ ಮನಸ್ಸು ನಿಲ್ಲುತ್ತದೆ ಎಂದುಕೊಂಡು ಬಂದೆ. ರೆಕ್ಸಿನ್ ಅಳೆದೆ, ಕತ್ತರಿಸಿದೆ, ಗಿಡ್ಡವಾಯಿತು. ಇನ್ನೊಂದು ತುಂಡು ತೆಗೆದೆ, ಅಳೆದೆ, ಕತ್ತರಿಸುವ ಧೈರ್ಯವಾಗಲಿಲ್ಲ. ಎದ್ದು ಬಾಗಿಲಿಗೆ ಹೋಗುತ್ತೇನೆ, ಬೀದಿ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಮೇಷ್ಟ್ರು ಬಂದು ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗುವವರೆಗೆ ಬೇರೇನೂ ತೋಚದೆ ನಿನಗೆ ಬರೆಯುತ್ತಿದ್ದೇನೆ.

ನಾನು ಮೈದಾನದ ಮೆಟ್ಟಿಲು ಹತ್ತಿದವನಲ್ಲ, ನಿನಗೆ ಗೊತ್ತು. ಪಂದ್ಯದ ದಿನ ನೀನು ಹೊರಡುತ್ತಿದ್ದೆ, ನಾನು ಅಂಗಡಿ ನೋಡಿಕೊಳ್ಳುತ್ತಿದ್ದೆ. ಆದರೆ ನಿಮ್ಮ ನಾಲ್ವರ ಮಾತು ಕೇಳಲು ನಾನು ಮೈದಾನಕ್ಕೆ ಬರಬೇಕಾಗಿಯೂ ಇರಲಿಲ್ಲ. ಉಳಿದ ದಿನವೆಲ್ಲ ಆ ಮೂವರೂ ಇಲ್ಲೇ ಬಿದ್ದಿರುತ್ತಿದ್ದರಲ್ಲ. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಪಕ್ಕದ ಕಟಿಂಗ್ ಶಾಪಿನವನು, ಡ್ಯೂಟಿ ಮುಗಿಸಿ ಚೀಲ ನೇತುಹಾಕಿಕೊಂಡೇ ಬರುವ ಬಸ್ ಕಂಡಕ್ಟರ್. ನೀನು ಸುತ್ತಿಗೆ ಎತ್ತಿ ಹಿಡಿದು ಭಾಷಣ ಶುರು ಮಾಡಿದರೆ ಸುತ್ತಿಗೆ ಕೆಳಗಿಳಿಯುವಷ್ಟರಲ್ಲಿ ಎರಡು ಸರ್ಕಾರ ಉರುಳಿರುತ್ತಿದ್ದವು. ನಾನು ಮೊಳೆ ಹೊಡೆಯುವವನು. ಒಂದೊಂದೇ ತೆಗೆದುಕೊಳ್ಳಲು ಸುಲಭವೆಂದು ಮೊಳೆಗಳನ್ನು ತುಟಿಯ ನಡುವೆ ಇಟ್ಟುಕೊಂಡಿರುತ್ತಿದ್ದೆ. ನೀನು "ಏನಂತೀಯೋ?" ಎಂದು ಕೇಳಿದರೆ ತಲೆಯಾಡಿಸುತ್ತಿದ್ದೆ. ನಿನ್ನ ಬಾಯಲ್ಲಿ ಮಾತು, ನನ್ನ ಬಾಯಲ್ಲಿ ಮೊಳೆ. ಹಾಗೆಯೇ ಅರ್ಧ ಆಯುಸ್ಸು ಕಳೆಯಿತು.

ಸೋತ ದಿನ ಪಂದ್ಯದ ಸುದ್ದಿ ಎತ್ತಬಾರದು ಎಂದು ನೀವೇ ಮಾಡಿಕೊಂಡ ಕಟ್ಟಳೆ. ಕೊನೆಯ ಸೀಟಿ ಆದಮೇಲೆ ಸೇತುವೆ ದಾಟುವವರೆಗೆ ಪ್ರಪಂಚದ ವಿಷಯ ಮಾತ್ರ. ತಪ್ಪಿ ಗೋಲಿನ ಹೆಸರೆತ್ತಿದವನು ಎಲ್ಲರಿಗೂ ಚಹಾ ಕುಡಿಸಬೇಕು. ನಿಮ್ಮ ತಂಡ ಸೋತ ಲೆಕ್ಕ ನೋಡಿದರೆ ನೀವು ನಾಲ್ವರೂ ಪ್ರಪಂಚದ ವಿಷಯದಲ್ಲಿ ಪಂಡಿತರಾಗಿದ್ದು ಆಶ್ಚರ್ಯವಲ್ಲ. ಕಂಡಕ್ಟರನ ಪ್ರಕಾರ ದೊಡ್ಡ ದೇಶಗಳೆಲ್ಲ ಬಸ್ಸಿನ ಬಾಗಿಲಲ್ಲಿ ನಿಂತ ಪ್ರಯಾಣಿಕರು, ಒಳಗೆ ಜಾಗವಿದ್ದರೂ ಸರಿಯುವುದಿಲ್ಲ, ಹತ್ತುವವರಿಗೂ ಬಿಡುವುದಿಲ್ಲ. ಕಟಿಂಗ್ ಶಾಪಿನವನು ಕೇಳುತ್ತಿದ್ದ, ದಿನಾ ಹತ್ತಾರು ಕುತ್ತಿಗೆಯ ಮೇಲೆ ಕತ್ತಿ ಇಡುತ್ತೇನೆ, ಕೈಯಲ್ಲಿ ಆಯುಧ ಇದೆ ಎಂಬುದೇ ಯುದ್ಧಕ್ಕೆ ಕಾರಣವಾಗುವುದಾದರೆ ನಿಮ್ಮಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲವಲ್ಲ ಎಂದು. ಮೇಷ್ಟ್ರು ಯಾವ ಯುದ್ಧದ ಮಾತು ಬಂದರೂ ಒಂದೇ ಪ್ರಶ್ನೆ ಹಾಕುತ್ತಿದ್ದರು. ಮೊದಲ ಕಲ್ಲು ಎಸೆದದ್ದು ಅವರೇ ಎಂದು ಹೇಳಿದವರು ಯಾರು, ಅವರು ಅಲ್ಲಿದ್ದರಾ?

ಇನ್ನು ನಿನ್ನ ಸಿದ್ಧಾಂತ. ಆ ಎರಡು ದೂರದ ದೇಶಗಳು ಗಡಿಗಾಗಿ ಬಡಿದಾಡಿಕೊಳ್ಳುತ್ತಿದ್ದಾಗ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಗಡಿ ಅನ್ನೋದು ಆಫ್‌ಸೈಡ್ ಗೆರೆ ಇದ್ದ ಹಾಗೆ ಕಣ್ರೋ. ನೆಲದ ಮೇಲೆ ಎಲ್ಲೂ ಬರೆದಿರಲ್ಲ. ಆಟಗಾರರು ಓಡಾಡಿದ ಹಾಗೆ ಅದೂ ಓಡಾಡುತ್ತೆ. ಬಾವುಟ ಹಿಡಿದೋನಿಗೆ ಮಾತ್ರ ಕಾಣುತ್ತೆ." ಆ ಮೂವರೂ ಏನಾದರೂ ಕೊಕ್ಕೆ ತೆಗೆದರು. ನಾನು ತಲೆಯಾಡಿಸಿದೆ.

ಹೋದ ಸಲ ಇದೇ ಹಳದಿ ತಂಡದ ಮೇಲೆ ನೀವು ಗೆದ್ದಿರಿ. ಅದೇ ನನ್ನನ್ನು ತಿನ್ನುತ್ತಿರುವುದು. ಸೋತ ದಿನ ನೀವು ಮೆಟ್ಟಿಲ ಮೇಲೆಯೇ ವಾದಕ್ಕೆ ಕೂತುಬಿಡುತ್ತಿದ್ದಿರಿ, ಮೈದಾನ ಖಾಲಿಯಾಗಿ ಕಸ ಗುಡಿಸುವವರು ಬಂದು ಎಬ್ಬಿಸಬೇಕಿತ್ತು. ಗೆದ್ದ ದಿನವಾದ್ದರಿಂದ ಎಲ್ಲರ ಜೊತೆ ಹಾಡು ಹೇಳುತ್ತ ಇಳಿದಿರಿ. ಕೆಳಗೆ ಬಾಗಿಲ ಹತ್ತಿರ ಯಾರೋ ಯಾರದೋ ಬಾವುಟ ಕಿತ್ತುಕೊಂಡರಂತೆ. ಕೆಳಗಿನವರು ಹಿಂದಕ್ಕೆ ಓಡಿದರು, ಮೇಲಿನವರಿಗೆ ಅದು ಗೊತ್ತಿಲ್ಲ, ನುಗ್ಗುತ್ತಲೇ ಇದ್ದರು. ನೀನು ಬಿದ್ದೆ. ಮೆಟ್ಟಿಲ ಅಂಚು ತಲೆಗೆ ಬಡಿದದ್ದು ಎಂದರು ಡಾಕ್ಟರು. ಅಷ್ಟೇ ಗೊತ್ತಿರುವುದು.

ಉಳಿದದ್ದನ್ನೆಲ್ಲ ಜನ ತಾವೇ ಸೇರಿಸಿಕೊಂಡಿದ್ದಾರೆ. ಹಳದಿ ಅಂಗಿಯವನೊಬ್ಬ ತಳ್ಳಿದ ಎನ್ನುತ್ತಾನೆ ಕಂಡಕ್ಟರ್. ಬಿದ್ದ ಯಾರನ್ನೋ ಎತ್ತಲು ಬಗ್ಗಿದ್ದೆ ಎನ್ನುತ್ತಾನೆ ಕಟಿಂಗ್ ಶಾಪಿನವನು. ಮೇಷ್ಟ್ರು ಮೊದಲು ಏನೂ ಹೇಳುತ್ತಿರಲಿಲ್ಲ. ಹೋದ ವಾರ ಅವರ ಬಾಯಲ್ಲೂ "ಅವರು ಕೊಂದುಹಾಕಿದ್ರು" ಎಂದು ಬಂತು. ನಾನು ಮೊಳೆ ತೆಗೆದು ಕೇಳಬೇಕೆಂದಿದ್ದೆ, ಮೇಷ್ಟ್ರೇ, ಹೇಳಿದವರು ಯಾರು, ಅವರು ಅಲ್ಲಿದ್ದರಾ ಎಂದು. ಆದರೆ ಅಲ್ಲಿದ್ದವರು ಅವರೇ. ಅಣ್ಣ, ನೀನು ಈಗ ಅವರ ಇತಿಹಾಸವಾಗುತ್ತಿದ್ದೀಯ. ಮೊದಲ ಕಲ್ಲು ಆಗುತ್ತಿದ್ದೀಯ.

ಹದಿನೈದು ದಿನದ ಹಿಂದೆ ನಿನ್ನ ಕ್ಲಬ್ಬಿನ ಕಾರ್ಯದರ್ಶಿ ಅಂಗಡಿಗೇ ಬಂದಿದ್ದರು. ಈ ಪಂದ್ಯಕ್ಕೆ ಮುಂಚೆ ನಿನ್ನ ಹೆಸರಿನಲ್ಲಿ ಒಂದು ನಿಮಿಷ ಮೌನ ಆಚರಿಸುತ್ತಾರಂತೆ, ಮನೆಯವರ ಒಪ್ಪಿಗೆ ಬೇಕು ಎಂದರು. ಒಳ್ಳೆಯ ಮಾತಲ್ಲವೇ? ನಾನು ಹೂಂ ಅನ್ನುವುದರಲ್ಲಿದ್ದೆ. ಯೋಚಿಸಿ ಹೇಳಿ ಎಂದು ಅವರು ಅತ್ತ ಹೋದಮೇಲೆ ಕಂಡಕ್ಟರ್ ನಿಧಾನವಾಗಿ ಹೇಳಿದ, "ಆಗ್ಲಿ. ಆ ಒಂದ್ ನಿಮಿಷದಲ್ಲಿ ಆ ಕಡೆಯಿಂದ ಒಬ್ಬ ಕೆಮ್ಮಿದ್ರೂ ಸಾಕು. ಆಮೇಲೆ ನೋಡ್ಕೋತೀವಿ." ಅವನೊಬ್ಬನ ಮಾತಲ್ಲ ಅದು. ಮೈದಾನದಲ್ಲಿ ನಿಮ್ಮ ಹಿಂದಿನ ಸಾಲುಗಳಲ್ಲಿ ಕೂರುವ ಹುಡುಗರೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದರು. ಮೌನ ಅವರಿಗೆ ಬೇಕಾಗಿದ್ದು ಅದು ಮುರಿಯಲಿ ಎಂದು. ಸಾವಿರಾರು ಜನರಲ್ಲಿ ಒಬ್ಬನಿಗೆ ಕೆಮ್ಮು ಬರದೆ ಇರುತ್ತದೆಯೇ? ಆಮೇಲೆ ಅದೇ ಮೆಟ್ಟಿಲು, ಅದೇ ಬಾಗಿಲು, ಇನ್ನೊಬ್ಬನ ತಮ್ಮ ಆಸ್ಪತ್ರೆಯ ಬೆಂಚಿನ ಮೇಲೆ.

ಅತ್ತಿಗೆಯನ್ನು ಕೇಳಿದೆ. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. "ಅವ್ರು ಒಂದ್ ನಿಮಿಷ ಬಾಯಿ ಮುಚ್ಕೊಂಡಿದ್ದು ನಾನ್ ಕಂಡೇ ಇಲ್ಲ. ಈಗ ಅವ್ರ ಹೆಸ್ರಲ್ಲಿ ಊರೆಲ್ಲ ಬಾಯಿ ಮುಚ್ಕೋಬೇಕಾ?" ಎಂದರು. ಆಮೇಲೆ, "ಯಾರೂ ಬೀಳದ ಹಾಗೆ ನೋಡ್ಕೋ. ಅಷ್ಟು ಸಾಕು ನಂಗೆ" ಎಂದರು.

ಆಗ ನೆನಪಾಯಿತು. ಎಲ್ಲೋ ಭೂಕಂಪವಾಗಿ ಮೈದಾನದಲ್ಲಿ ಮೌನ ಆಚರಿಸುವಾಗ ನಡುವೆಯೇ ನೀನು ಮೇಷ್ಟ್ರನ್ನು, ಪಕ್ಕದ ದೇಶದಲ್ಲಿ ಬಾಂಬಿಗೆ ಸತ್ತವರಿಗೆ ಯಾವಾಗ ಎಂದು ಕೇಳಿ ಸುತ್ತಲಿನವರ ಕೈಲೆಲ್ಲ ಉಗಿಸಿಕೊಂಡು ಬಂದಿದ್ದೆಯಲ್ಲ. ಮನೆಗೆ ಬಂದು ಅದನ್ನೇ ಹೆಮ್ಮೆಯಿಂದ ಹೇಳಿದೆ. ಮೌನ ಮುರಿದ ಮೊದಲಿಗ ನೀನೇ.

ಮಾರನೆಯ ದಿನ ಕಾರ್ಯದರ್ಶಿಯ ಕೋಣೆಗೆ ಹೋದೆ. ಗಾಜಿನ ಕಪಾಟಿನಲ್ಲಿ ಬಣ್ಣ ಹೋದ ಟ್ರೋಫಿಗಳು, ಗರಗರ ಅನ್ನುವ ಫ್ಯಾನು. ಮೌನ ಬೇಡ, ನಮ್ಮಣ್ಣನಿಗೆ ಒಂದು ನಿಮಿಷ ಗದ್ದಲ ಮಾಡಿಸಿ ಎಂದೆ. ಎರಡೂ ಕಡೆಯವರು ಪಕ್ಕದಲ್ಲಿ ಕೂತವರ ಜೊತೆ ಏನಾದರೂ ಮಾತಾಡಲಿ, ವಾದ ಮಾಡಲಿ. ಮೌನವನ್ನು ಒಬ್ಬ ಕೆಡಿಸಬಹುದು ಸಾರ್, ಗದ್ದಲವನ್ನು ಯಾರು ಕೆಡಿಸುತ್ತಾರೆ? ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೌನಾಚರಣೆ ಕೇಳಿದ್ದೀನಿ. ಮಾತಾಚರಣೆ ಕೇಳಿಲ್ಲ" ಎಂದರು. ಆದರೆ ಹೊಳೆಯಾಚೆಯವರಿಗೆ ಫೋನು ಮಾಡಿದರು. ಅವರೂ ಒಪ್ಪಿದರು. ಅವರಿಗೂ ಭಯವಿತ್ತು ಎಂದು ಕಾಣುತ್ತದೆ.

ಕಂಡಕ್ಟರ್ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಸತ್ತವನನ್ನು ತಮಾಷೆ ಮಾಡಿಬಿಟ್ಟೆ ಎಂದು ಕಟಿಂಗ್ ಶಾಪಿನವನ ಹತ್ತಿರ ಹೇಳಿದನಂತೆ. ಮೇಷ್ಟ್ರು, ಇತಿಹಾಸದಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲ ಎಂದಷ್ಟೇ ಹೇಳಿದರು. ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಹುಡುಗರು ಆ ಗದ್ದಲದಲ್ಲೇ ಬೈಗುಳ ಶುರು ಮಾಡಿದರೆ? ನಾನೇ ಬೆಂಕಿಗೆ ತುಪ್ಪ ಸುರಿದ ಹಾಗಾದರೆ?

ಶಟರ್ ಸದ್ದಾಯಿತು. ಮೇಷ್ಟ್ರು ಬಂದರು. ನೀನು ಉಳಿದ ರೆಕ್ಸಿನ್ ತುಂಡುಗಳಲ್ಲಿ ನಿಮ್ಮ ನಾಲ್ವರಿಗೂ ಹೊಲಿದ ದಿಂಬುಗಳಿವೆಯಲ್ಲ, ಆ ಸಿಮೆಂಟ್ ಮೆಟ್ಟಿಲ ಮೇಲೆ ಹಾಕಿಕೊಳ್ಳಲು. ನಿನ್ನ ಕೆಂಪು ದಿಂಬು ಅವರ ಕಂಕುಳಲ್ಲಿದೆ.

ಈಗ ಸಂಜೆ. ಮೈದಾನದಿಂದ ನೇರ ಅಂಗಡಿಗೆ ಬಂದೆ. ದೀಪ ಹಾಕಿ ಮತ್ತೆ ಬರೆಯಲು ಕೂತಿದ್ದೇನೆ.

ನಿನ್ನ ದಿಂಬಿನ ಮೇಲೆ ಕೂತೆ. ಒಂದು ಕಡೆ ಮೇಷ್ಟ್ರು, ಅವರಾಚೆ ಕಟಿಂಗ್ ಶಾಪಿನವನು, ಇನ್ನೊಂದು ಕಡೆ ಮುಖ ತಿರುಗಿಸಿಕೊಂಡ ಕಂಡಕ್ಟರ್. ಆಟಗಾರರು ಸಾಲಾಗಿ ನಿಂತರು. ಮೈಕಿನಲ್ಲಿ ನಿನ್ನ ಹೆಸರು ಹೇಳಿ, ಅವರು ಸುಮ್ಮನೆ ಇದ್ದವರಲ್ಲ, ಆದ್ದರಿಂದ ಒಂದು ನಿಮಿಷ ಎಲ್ಲರೂ ಪಕ್ಕದವರ ಜೊತೆ ಮಾತಾಡಿ ಎಂದರು. ರೆಫ್ರಿ ಸೀಟಿ ಊದಿದ.

ಅಣ್ಣ, ಯಾರೂ ಮಾತಾಡಲಿಲ್ಲ. ಮಾತಾಡಿ ಎಂದು ಹೇಳಿದರೆ ಯಾರಿಗೆ ಮಾತು ಬರುತ್ತದೆ? ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಬೇರೆಯವರು ಶುರು ಮಾಡಲಿ ಎಂದು ಎಲ್ಲರೂ ಕಾದರು. ಇಡೀ ಮೈದಾನ ತಾನಾಗಿಯೇ ಮೌನವಾಗಿಬಿಟ್ಟಿತು. ಬಾವುಟದ ಕಂಬಕ್ಕೆ ಹಗ್ಗ ಬಡಿಯುವುದು ಕೇಳುತ್ತಿತ್ತು. ನಾನು ಯಾವುದನ್ನು ತಪ್ಪಿಸಲು ಹೊರಟಿದ್ದೆನೋ ಅದೇ ಬಂದು ಎದುರು ನಿಂತಿತ್ತು.

ಆಗ ಎರಡು ಕಡೆಯವರನ್ನು ಬೇರ್ಪಡಿಸಿದ ತಂತಿಬೇಲಿಯ ಆಚೆಯಿಂದ ಒಬ್ಬ ಕೆಮ್ಮಿದ.

ಹಿಂದಿನ ಸಾಲಿನ ಹುಡುಗರು ಎದ್ದದ್ದು ಬೆನ್ನಿಗೆ ಗೊತ್ತಾಯಿತು. ಕಂಡಕ್ಟರೂ ಎದ್ದ. ನಾನು ಅವನ ಅಂಗಿಯ ತುದಿ ಹಿಡಿದೆ. ಕೆಮ್ಮುತ್ತಿದ್ದವನು ಹಳದಿ ಟೋಪಿಯ ಮುದುಕ. ತಡೆಯಲಾರದೆ ಟೋಪಿಯನ್ನೇ ಬಾಯಿಗೆ ಒತ್ತಿಕೊಂಡಿದ್ದ, ಇನ್ನೊಂದು ಕೈಯನ್ನು ನಮ್ಮ ಕಡೆಗೆ ಎತ್ತಿದ್ದ, ತಪ್ಪಾಯಿತು ಎನ್ನುವ ಹಾಗೆ. ಮತ್ತೆ ಕೆಮ್ಮು ಬಂತು, ಬಗ್ಗಿಹೋದ. ಕಂಡಕ್ಟರ್ ಅವನನ್ನೇ ನೋಡಿದ. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ವಯಸ್ಸಾದವರನ್ನು ಅವನು ಹೀಗೆಯೇ ನೋಡುತ್ತಿರಬೇಕು. ಆಮೇಲೆ ಸ್ಟಾಪಿನ ಹೆಸರು ಕೂಗುವ ಆ ಗಂಟಲಿನಲ್ಲಿ, ಇಡೀ ಗ್ಯಾಲರಿಗೆ ಕೇಳುವ ಹಾಗೆ ಕೂಗಿದ: "ಮೇಷ್ಟ್ರೇ, ಆ ಗಡಿ ವಿಷ್ಯ ಎಲ್ಲಿಗೆ ನಿಲ್ಸಿದ್ವಿ?"

ಮೇಷ್ಟ್ರು ಹೇಳಿದರು. ಆಫ್‌ಸೈಡ್ ಗೆರೆ ಇದ್ದ ಹಾಗೆ ಅಂದಿದ್ದ, ನೆಲದ ಮೇಲೆ ಬರೆದಿರಲ್ಲ ಅಂದಿದ್ದ. ಕಟಿಂಗ್ ಶಾಪಿನವನು ಹೌದು ಹೌದು, ಬಾವುಟದವನಿಗೆ ಮಾತ್ರ ಕಾಣುತ್ತೆ ಅಂದಿದ್ದ ಎಂದ. ಮೂವರೂ ನನ್ನ ಕಡೆ ತಿರುಗಿದರು, ತಲೆಯಾಡಿಸಲಿ ಎಂದು. ನನ್ನ ಬಾಯಲ್ಲಿ ಮೊಳೆ ಇರಲಿಲ್ಲ.

"ಅಣ್ಣ ಹೇಳಿದ್ದು ತಪ್ಪು" ಎಂದೆ. "ಆಫ್‌ಸೈಡ್ ಗೆರೆ ದಾಟಿದವನು ಸೀಟಿ ಊದಿದ್ಮೇಲೆ ಮತ್ತೆ ಆಡ್ತಾನೆ, ಆಟ ಮುಗಿದ್ಮೇಲೆ ಮನೆಗೆ ಹೋಗ್ತಾನೆ. ಗಡಿ ದಾಟಿದವನು ಹೋಗಲ್ಲ."

ಕಂಡಕ್ಟರ್ ಕೂತುಕೊಂಡು, "ಇಷ್ಟು ವರ್ಷ ಇದನ್ನ ಬಾಯಲ್ಲಿ ಇಟ್ಕೊಂಡು ಏನ್ ಮಾಡ್ತಿದ್ಯೋ? ನಿಂಗೇನ್ ಗೊತ್ತು ಗಡಿ ವಿಷ್ಯ?" ಎಂದು ನನ್ನ ಮೇಲೆ ಬಿದ್ದ. ಹದಿನೈದು ದಿನದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ನಾನೂ ಬಿಡಲಿಲ್ಲ. ಸುತ್ತಲೂ ನೋಡುವಷ್ಟರಲ್ಲಿ ಹಿಂದಿನ ಹುಡುಗರು ಗೋಲ್‌ಕೀಪರನ ವಿಷಯಕ್ಕೆ ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದರು. ಬೇಲಿಯಾಚೆಯೂ ಸಂತೆಯ ಸದ್ದು. ಆ ಮುದುಕ ಯಾರಿಗೋ ಬೆರಳು ತೋರಿಸಿ ಏನೋ ಬುದ್ಧಿ ಹೇಳುತ್ತಿದ್ದ. ನಿಲ್ಲಿಸಲು ರೆಫ್ರಿ ಎರಡು ಸಲ ಸೀಟಿ ಊದಬೇಕಾಯಿತು.

ನಿನ್ನ ತಂಡ ಎರಡು ಗೋಲಿನಿಂದ ಸೋತಿತು. ಕಟ್ಟಳೆ ಪ್ರಕಾರ ಅದರ ಸುದ್ದಿ ಎತ್ತುವುದಿಲ್ಲ. ಗಲಾಟೆ ಆಗಲೇ ಇಲ್ಲ ಎಂದು ಸುಳ್ಳು ಹೇಳಲಾರೆ. ಹೊರಗೆ ಯಾರೋ ಬಾಟಲಿ ಎಸೆದರು, ಪೊಲೀಸರು ಲಾಠಿ ಬೀಸಿದರು, ಇಬ್ಬರನ್ನು ಜೀಪಿಗೆ ಹತ್ತಿಸಿ ಆಮೇಲೆ ಬಿಟ್ಟರು. ನಾವು ಮೆಟ್ಟಿಲು ಖಾಲಿಯಾಗುವವರೆಗೆ ಕೂತಿದ್ದೆವು. ಇಳಿಯುವಾಗ ನೀನು ಬಿದ್ದದ್ದು ಯಾವ ಮೆಟ್ಟಿಲು ಎಂದು ಅವರು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಎಲ್ಲ ಮೆಟ್ಟಿಲನ್ನೂ ನಿಧಾನವಾಗಿ ಇಳಿದೆ.

ಸೇತುವೆಯವರೆಗೂ ಒಂದೇ ಚರ್ಚೆ. ನಾನು ಹೇಳಿದ್ದಕ್ಕೆ ನೀನು ಏನು ಉತ್ತರ ಕೊಡುತ್ತಿದ್ದೆ? ಮೂವರೂ ನಿನ್ನ ದನಿಯಲ್ಲಿ ಒಂದೊಂದು ಹೇಳಿ ನೋಡಿದರು. ಒಂದೂ ನಿನ್ನದಾಗಿರಲಿಲ್ಲ. ನನಗೂ ಹೊಳೆಯುತ್ತಿಲ್ಲ. ನಿನ್ನನ್ನು ಯಾರಾದರೂ ತಳ್ಳಿದರೋ ಇಲ್ಲವೋ ಅದೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಈ ಎರಡನ್ನು ಇಟ್ಟುಕೊಂಡೇ ನಾಳೆ ದಂತವೈದ್ಯರ ಸೋಫಾ ಮುಗಿಸಬೇಕು.

ಅತ್ತಿಗೆ ಅಂಗಡಿಯ ಬಾಗಿಲಿಗೆ ಬಂದು, ಎಲ್ಲರೂ ಮನೆ ಸೇರಿದರಾ ಎಂದು ಕೇಳಿ ಈಗ ತಾನೇ ಹಿಂತಿರುಗಿದರು. ಬೆಳಿಗ್ಗೆ ಬಿಟ್ಟಿದ್ದ ಸಾಲನ್ನು ಇನ್ನು ಬರೆಯಬಹುದು. ಇಲ್ಲಿ ನಾವೆಲ್ಲ ಕ್ಷೇಮ. ಹೊಳೆಯಾಚೆಯವರೂ ಕ್ಷೇಮ.

ನೀನಿರುವ ಕಡೆ ನಿನಗೆ ಎದುರು ಮಾತಾಡುವವರು ಬೇಕಾದಷ್ಟು ಜನ ಸಿಗಲಿ.

ಇಂತಿ,
ಕೊನೆಗೂ ನಿನ್ನ ಮಾತಿಗೆ ಎದುರಾಡಿದ
ನಿನ್ನ ತಮ್ಮ