ವಾಷಿಂಗ್ ಮೆಷಿನ್ ಪಕ್ಕ ಕಲಿತ ದನಿ

ಮಾರ್ಚ್ ೧೨, ಗುರುವಾರ

ಗಂಟಲು ಇನ್ನೂ ಉರಿಯುತ್ತಿದೆ. ಇಷ್ಟು ದಿನ ನನ್ನ ಪ್ರೆಸೆಂಟೇಶನ್ ಎಂದರೆ ಬರೀ ಗೊಣಗಾಟ. ಆಸ್ಪತ್ರೆಯ ವೇಟಿಂಗ್ ಹಾಲಿಗೆ ಕುರ್ಚಿ ಮಾಡಿಕೊಡುವ ಈ ಆರ್ಡರಾದರೂ ಕೈತಪ್ಪಬಾರದೆಂದು ವಾರವಿಡೀ ಅಭ್ಯಾಸ ಮಾಡಿದ್ದೆ. ಮನೆಯಲ್ಲಿ ಯಾರ ಕಿವಿಗೂ ಬೀಳದ ಜಾಗವೆಂದರೆ ಧಡಧಡ ಎನ್ನುವ ವಾಷಿಂಗ್ ಮೆಷಿನ್ ಪಕ್ಕ ಮಾತ್ರ. ಅಲ್ಲಿ ಕೂಗದಿದ್ದರೆ ನನ್ನ ಮಾತು ನನಗೇ ಕೇಳಿಸದು.

ಇವತ್ತು ಆಸ್ಪತ್ರೆಯ ನಿಶ್ಶಬ್ದ ಮೀಟಿಂಗ್ ಕೋಣೆಯಲ್ಲಿ ಬಾಯಿ ತೆರೆದರೆ ಅದೇ ದನಿ! "ಮಂಡಿನೋವಿನೋರು ಕುರ್ಚಿ ಕೈ ಹಿಡಿದೇ ಏಳೋದು!" ನಮ್ಮ ಮ್ಯಾನೇಜರ್ ಬೆಚ್ಚಿಬಿದ್ದು ಮೈಮೇಲೆ ನೀರು ಚೆಲ್ಲಿಕೊಂಡರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ದನಿ ಇಳಿಸಿದರೆ ಮಾತೇ ಮರೆತುಹೋಗುತ್ತಿತ್ತು. ಹಾಗೇ ಕೂಗಿ ಮುಗಿಸಿದೆ.

ಆಸ್ಪತ್ರೆ ನಡೆಸುವ ಹಿರಿಯ ಡಾಕ್ಟರಮ್ಮ ಕಿವಿಯ ಮೆಷಿನ್ ತೆಗೆದು ಮೇಜಿನ ಮೇಲಿಟ್ಟರು. "ಇದಿಲ್ದೇನೇ ನಿನ್ನ ಮಾತು ಕೇಳಿಸ್ತಮ್ಮ. ಬಂದೋರೆಲ್ಲ ಆ ಸ್ಕ್ರೀನಿಗೆ ಹೇಳಿ ಹೋಗ್ತಾರೆ, ನೀನು ನನಗೆ ಹೇಳ್ದೆ. ಕುರ್ಚಿ ಕಳಿಸು."

ಮನೆಗೆ ಬಂದು ಹೇಳಿದರೆ ಇವರು ನಕ್ಕಿದ್ದೇ ನಕ್ಕಿದ್ದು. ಆಮೇಲೆ, ಮಲಗುವ ಹೊತ್ತಿಗೆ, "ನಾಳೆ ರಿಪೇರಿಯವನು ಬರ್ತಾನೆ. ಇನ್ಮೇಲೆ ನಿನ್ನ ಮೆಷಿನ್ ಸದ್ದೇ ಮಾಡಲ್ಲ ಬಿಡು" ಎಂದರು.

"ಬೇಡ!" ಎಂದೆ.

ಪಕ್ಕದ ಮನೆಯ ದೀಪ ಹತ್ತಿಕೊಂಡಿತು.